ಇತರೆ ವಿಷಯ

ತಿಂಗಳ ಮೊದಲ ಸೋಮವಾರ ಬಂತೆಂದರೆ ಕಾರ್ಯದರ್ಶಿಗೆ ಬೆಳಗಿನಿಂದಲೇ ಮೈ ಭಾರ. ಹಗಲಿಡೀ ಮಗ್ಗಗಳ ನಡುವೆ ನಿಂತು ನೇಯ್ದು, ಸಂಜೆ ಗಿರಣಿಯ ಸೀಟಿ ಕೂಗಿದ ಮೇಲೆ ಉಳಿದವರೆಲ್ಲ ಮನೆಯ ದಾರಿ ಹಿಡಿದರೆ, ಇವನೊಬ್ಬ ಸೈಕಲ್ ಅಂಗಡಿಯ ಮೇಲಿನ ಸಂಘದ ಕೋಣೆಗೆ ಮೆಟ್ಟಿಲು ಹತ್ತಬೇಕು. ಬೆಂಚುಗಳನ್ನು ಎಳೆದು ಸಾಲು ಮಾಡಬೇಕು, ಕಿಟಕಿ ತೆರೆಯಬೇಕು, ದೀಪ ಹಚ್ಚಿ ಅಧ್ಯಕ್ಷರ ಮುಖದ ಮೇಲೆ ಬೆಳಕು ಬೀಳುವ ಹಾಗೆ ತೂಗುಹಾಕಬೇಕು. ದಣಿದವರ ಪರವಾಗಿ ಹೋರಾಡುವ ಈ ಮನುಷ್ಯನಿಗೆ ದಣಿಯುವುದಕ್ಕೂ ಪುರುಸೊತ್ತಿಲ್ಲ ಎಂದು ಅವನ ಹೆಂಡತಿ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ ಬಿಡಿ, ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ದೀಪದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನೇಯ್ಗೆ ಶೆಡ್ಡಿನೊಳಗೆ ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದಲ್ಲಿ ನಿಂತವನು ಕಿವಿಯ ಹತ್ತಿರ ಬಂದು ಕಿರುಚಿದರೂ ಏನೂ ಕೇಳುವುದಿಲ್ಲ. ಹೀಗಾಗಿ ನೇಕಾರರು ದನಿಯ ಆಸೆಯನ್ನೇ ಬಿಟ್ಟು ಬರೀ ತುಟಿ ಆಡಿಸಿ ಮಾತನಾಡುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು ತುಟಿಮಾತು. ಶೆಡ್ಡಿನ ಈ ತುದಿಯವಳು ಆ ತುದಿಯವಳಿಗೆ ತನ್ನ ಅತ್ತೆಯ ಪುರಾಣವನ್ನು ಆರಾಮಾಗಿ ಹೇಳಿ ಮುಗಿಸಬಲ್ಲಳು. ಕೆಲಸಕ್ಕೆ ಸೇರಿ ಕೆಲವು ವರ್ಷ ಕಳೆಯುವಷ್ಟರಲ್ಲಿ ಕಿವಿ ಹೇಗೂ ಅರ್ಧ ಹೋಗಿರುತ್ತದೆ, ಹಾಗಾಗಿ ಸಂಘದ ಸಭೆಯೂ ತುಟಿಮಾತಿನಲ್ಲೇ ನಡೆಯುತ್ತಿತ್ತು. ಕೆಳಗಿನ ಸೈಕಲ್ ಅಂಗಡಿಯವನಂತೂ, "ನಿಮ್ಮಂಥ ಸಾಧು ಸಂಘ ಎಲ್ಲೂ ನೋಡಿಲ್ಲ ಕಣ್ರೀ, ಒಂದು ದಿನ ಜೋರು ಮಾತು ಕೇಳ್ಲಿಲ್ಲ" ಎಂದು ಮೆಚ್ಚಿಕೊಳ್ಳುತ್ತಿದ್ದ. ಮೇಲೆ ಆ ಹೊತ್ತಿನಲ್ಲಿ ಒಬ್ಬರ ಜನ್ಮ ಒಬ್ಬರು ಜಾಲಾಡುತ್ತಿದ್ದದ್ದು ಅವನಿಗೇನು ಗೊತ್ತು.

ಇದೇ ಕಾರಣಕ್ಕೆ ಆ ಗಿರಣಿಯಲ್ಲಿ ಯಾವ ನೇಕಾರನೂ ಮೀಸೆ ಬಿಡುತ್ತಿರಲಿಲ್ಲ. ಹೊಸಬ ಯಾರಾದರೂ ಮೀಸೆ ಹೊತ್ತು ಬಂದರೆ ಮೊದಲು ಪರದೆ ತೆಗೆಸಿಕೊಂಡು ಬಾ ಎಂದು ಕ್ಷೌರದಂಗಡಿಗೆ ಅಟ್ಟುತ್ತಿದ್ದರು. ಇಡೀ ಶೆಡ್ಡಿಗೆ ಮೀಸೆ ಇದ್ದದ್ದು ಒಬ್ಬನಿಗೆ, ಕಾರ್ಯದರ್ಶಿಗೆ. ಅದೂ ಎಂಥದ್ದು, ಮೇಲ್ದುಟಿಯನ್ನು ಪೂರ್ತಿ ನುಂಗಿ ಕೆಳದುಟಿಯ ಮೇಲೂ ಕಣ್ಣಿಟ್ಟಂಥದ್ದು. ಅವನು ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಸಭೆಯಲ್ಲಿ ಅವನು ಅಧ್ಯಕ್ಷರ ಕಿವಿಗೆ ಬಾಯಿಟ್ಟು ಹೇಳಬೇಕು, ಅಧ್ಯಕ್ಷರು ಅದನ್ನು ತುಟಿಗೆ ತರಬೇಕು. ಅಧಿಕಾರ ಬಂದ ಮೇಲೆ ಮೀಸೆಯೂ ಬಂತು ಎಂದು ಜನ ನಕ್ಕರು. ಅವನು ನಗಲಿ ಎಂದು ಬಿಟ್ಟ. ನಿಜವಾದ ಕಾರಣ ಅವನಿಗೊಬ್ಬನಿಗೆ ಗೊತ್ತಿತ್ತು. ಅವನ ಅಮ್ಮನಿಗೂ ಗೊತ್ತಿತ್ತೆಂದು ಅವನಿಗೆ ಅನುಮಾನ.

ಕಾರಣ ಅವನ ತಮ್ಮ. ಸಣ್ಣವನಿದ್ದಾಗ ಕಡ್ಡಿಯ ಹಾಗಿದ್ದನೆಂದು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು, ಅದೇ ಶೆಡ್ಡಿಗೂ ಬಂತು. ಅಣ್ಣನೇ ಕೈಹಿಡಿದು ಕರೆತಂದು ನೇಯ್ಗೆ ಕಲಿಸಿ, ತನ್ನ ಎದುರಿನ ಮಗ್ಗಗಳನ್ನೇ ಕೊಡಿಸಿದ್ದ. ನಡುವೆ ಇಬ್ಬರು ಓಡಾಡುವಷ್ಟು ಓಣಿ. ಗುಬ್ಬಿ ಎಂದರೆ ನಡುವೆ ಒಮ್ಮೆ ತುಟಿ ಕೂಡಬೇಕಷ್ಟೆ, ಎಷ್ಟು ದೂರದಿಂದಲೂ ತಿಳಿಯುವ ಹೆಸರು.

ನಾಲ್ಕು ವರ್ಷದ ಹಿಂದೆ ದೊಡ್ಡ ಮುಷ್ಕರವಾಯಿತು. ಎಲ್ಲರ ಮನೆಯಲ್ಲೂ ಪಾತ್ರೆ ಬೋರಲು ಬಿದ್ದಿದ್ದವು. ಗುಬ್ಬಿಯ ಹೆಂಡತಿ ಹೆತ್ತ ಮೇಲೆ ಜ್ವರ ಹಿಡಿದು ಮಲಗಿದ್ದಳು. ಒಂದು ಬೆಳಿಗ್ಗೆ ಗುಬ್ಬಿ ಯಾರಿಗೂ ಹೇಳದೆ ತಲೆ ತಗ್ಗಿಸಿಕೊಂಡು ಗೇಟಿನೊಳಗೆ ಹೋಗಿ ಮಗ್ಗ ಹಿಡಿದ. ಮುಂದಿನ ವಾರ ಸಂಘವೇ ಸೋತು ಮುಷ್ಕರ ಕೈಬಿಟ್ಟಿತು, ಉಳಿದವರೂ ತಲೆ ತಗ್ಗಿಸಿಕೊಂಡೇ ಒಳಗೆ ಹೋದರು. ಆದರೆ ಸಂಘ ಹೇಳುವ ಮೊದಲು ಹೋದವನಿಗೂ ಹೇಳಿದ ಮೇಲೆ ಹೋದವನಿಗೂ ವ್ಯತ್ಯಾಸವಿದೆ. ಮೊದಲು ಹೋದವನಿಗೆ ಯಾವ ನೇಕಾರನೂ ಮುಖ ಕೊಡಕೂಡದು. ಬೈಗುಳವಿಲ್ಲ, ಹೊಡೆತವಿಲ್ಲ, ಮುಖ ಕೊಡಕೂಡದು, ಅಷ್ಟೆ. ತುಟಿಯಲ್ಲೇ ಮಾತಿರುವ ಕಡೆ ಅಷ್ಟು ಸಾಕು. ಅವನಿಗೆ ಯಾರ ಮಾತೂ ತಲುಪುವುದಿಲ್ಲ, ಅವನ ಮಾತು ಯಾರಿಗೂ ತಲುಪುವುದಿಲ್ಲ. ಶೆಡ್ಡಿನಲ್ಲಿ ಶುರುವಾದದ್ದು ಬೀದಿಗೆ ಬರದೆ ಇರುತ್ತದೆಯೇ, ಬೀದಿಗೂ ಬಂತು.

ಗುಬ್ಬಿಯ ಬಹಿಷ್ಕಾರದ ಗೊತ್ತುವಳಿಯನ್ನು ಸಭೆಯಲ್ಲಿ ಓದಿದವನು ಕಾರ್ಯದರ್ಶಿಯೇ. ಗುಬ್ಬಿ ಬಾಗಿಲ ಬಳಿ ನಿಂತು ಅಣ್ಣನ ತುಟಿಯನ್ನೇ ನೋಡುತ್ತಿದ್ದ. ಆಗಿನ್ನೂ ಮೀಸೆ ಇರಲಿಲ್ಲ.

ಮಾರನೆಯ ದಿನದಿಂದ ಶುರುವಾಯಿತು ಪೇಚಾಟ. ತಲೆ ಎತ್ತಿದರೆ ಎದುರಿಗೆ ತಮ್ಮ. ಮುಖ ಪಕ್ಕಕ್ಕೆ ಹೊರಳಿಸುವಷ್ಟರಲ್ಲಿ ತುಟಿ ತನ್ನ ಪಾಡಿಗೆ ತಾನು 'ಗುಬ್ಬೀ, ನೀರು ಕುಡಿದ್ಯಾ' ಎಂದುಬಿಡುತ್ತಿತ್ತು. ಕಾರ್ಯದರ್ಶಿಯೇ ಕಟ್ಟಳೆ ಮುರಿದರೆ ಸಂಘದ ಮಾತಿಗೆ ಬೆಲೆ ಎಲ್ಲಿ? ಅದಕ್ಕೇ ಮೀಸೆ ಬಿಟ್ಟ. ಅದರ ಮರೆಯಲ್ಲಿ ತುಟಿ ಏನಾದರೂ ಆಡಿಕೊಳ್ಳಲಿ, ಯಾರಿಗೂ ಕಾಣುವುದಿಲ್ಲ. ತಮ್ಮನಿಗೂ ಕಾಣುವುದಿಲ್ಲ. ಹೀಗೆ ನಾಲ್ಕು ವರ್ಷ ಅವನು ದಿನಾಲೂ ತಮ್ಮನನ್ನು ನೀರು ಕುಡಿದೆಯಾ ಎಂದು ಕೇಳಿದ.

ಬಹಿಷ್ಕಾರ ತೆಗೆಯಬೇಕಾದರೆ ಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು. ಸಂಬಂಧಿಕರು ಕೇಳುವಂತಿಲ್ಲ, ಕೈ ಎತ್ತುವಂತೆಯೂ ಇಲ್ಲ. ಪ್ರತಿ ಸಭೆಯ ಕೊನೆಯಲ್ಲಿ ಇತರೆ ವಿಷಯ ಎಂಬುದೊಂದು ಬರುತ್ತದೆ. ಕಾರ್ಯದರ್ಶಿ ಅದನ್ನು ಅಧ್ಯಕ್ಷರ ಕಿವಿಗೆ ಹೇಳಿ, ಅಧ್ಯಕ್ಷರು ಏನಾದರೂ ಇದೆಯೇ ಎಂದು ಕೇಳಿ, ಎಲ್ಲರೂ ಟೋಪಿ ಚೀಲ ಹುಡುಕತೊಡಗಿದ ಮೇಲೂ ಇವನು ಮಾತ್ರ ಲೇಖನಿ ಹಿಡಿದು ಒಂದೊಂದು ಮುಖವನ್ನೂ ನೋಡುತ್ತಾ ಕೂರುತ್ತಿದ್ದ. ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಏನೂ ಇಲ್ಲ ಎಂದು ಬರೆದು, ಬೆಂಚು ಸರಿಸಿ, ದೀಪ ಆರಿಸಿ ಇಳಿಯುತ್ತಿದ್ದ. ಮನೆಯಲ್ಲಿ ಅಮ್ಮ ಏನನ್ನೂ ಕೇಳುತ್ತಿರಲಿಲ್ಲ. ಅವಳೂ ಹಿಂದೆ ನೇಕಾರಳೇ, ಕಾಯುವುದು ಗೊತ್ತು. ಭಾನುವಾರಗಳಂದು ಚಿಕ್ಕ ಮಗನ ಮನೆಗೆ ಹೋಗಿ ಬರುತ್ತಿದ್ದಳು. ಒಮ್ಮೆ ಮಾತ್ರ ಕಡ್ಡಿ ಮುರಿದ ಹಾಗೆ ಅಂದಳು: "ನೀವಿಬ್ರೂ ನನ್ನ ಹೊಟ್ಟೇಲಿ ಹುಟ್ಟಿದ್ದು. ನಿಮ್ಮ ಸಂಘ ಹುಟ್ಟಿದ್ದಲ್ಲ."

ಈ ಸೋಮವಾರವೂ ಅದೇ ಹಳೇ ರಾಗ ಎಂದುಕೊಂಡೇ ಅವನು ಮೆಟ್ಟಿಲು ಹತ್ತಿದ್ದ. ಗೇಟಿನ ಬಳಿಯ ನಲ್ಲಿ ಸೋರುತ್ತಿದೆ ಎಂಬ ವಿಷಯಕ್ಕೆ ಸಭೆಯ ಮುಕ್ಕಾಲು ಪಾಲು ಹೋಯಿತು. ಸೋರುವುದು ನಲ್ಲಿಯೋ ಕೊಳವೆಯೋ ಎಂದು ಎರಡು ಪಂಗಡವಾಯಿತು. ಮೂಲೆ ಮಗ್ಗದವನು ಎಂದಿನಂತೆ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಎರಡಕ್ಕೂ ವಿರುದ್ಧವಾಗಿದ್ದ. ಅಧ್ಯಕ್ಷರಿಗೆ ನಡುವೆ ತೂಕಡಿಕೆ ಬಂದು, ಅವರ ತುಟಿ ನಿಂತಾಗ ಸಭೆಯೂ ನಿಂತಿತು.

ಇತರೆ ವಿಷಯ ಬಂತು. ಚೀಲಗಳು ಹೆಗಲೇರಿದವು. ಆಗ ಗುಂಡಕ್ಕ ಎದ್ದಳು.

ಹೆಸರಿಗೆ ಗುಂಡಕ್ಕ, ಆಳು ಮಾತ್ರ ಬಿದಿರುಕಡ್ಡಿ. ಅವಳ ಮಗ್ಗಗಳು ಗುಬ್ಬಿಯ ಮಗ್ಗಗಳ ಪಕ್ಕದಲ್ಲೇ. ಮುಷ್ಕರದಲ್ಲಿ ಮನೆಯ ಕೊನೆಯ ಚೊಂಬನ್ನೂ ಮಾರಿದವಳು, ಬಹಿಷ್ಕಾರಕ್ಕೆ ಮೊದಲು ಕೈ ಎತ್ತಿದವಳು. ಹಿಂದಿನ ವಾರ ಅವಳ ಹೆಗಲಿಗೆ ಲಾಳಿ ಬಡಿದಿತ್ತು. ನೂಲು ಹೊತ್ತು ಓಡುವ, ಉಕ್ಕಿನ ಮೂತಿಯ ಲಾಳಿ ಮಗ್ಗದಿಂದ ಹಾರಿದರೆ ಕಲ್ಲು ಬೀಸಿದಂತೆಯೇ. ಈಗ ತೋಳನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿದ್ದಳು.

"ಇದೆ, ಇತರೆ ವಿಷಯ" ಎಂದವು ಅವಳ ತುಟಿಗಳು. "ನನ್ನ ಮಗ್ಗದಲ್ಲಿ ಲಾಳಿ ತಳ್ಳೋ ಪಟ್ಟಿ ಸಡಿಲ ಆಗಿದ್ದು ನಂಗೆ ಕಾಣ್ಲಿಲ್ಲ. ಗುಬ್ಬಿಗೆ ಕಾಣ್ತು. ಅಕ್ಕಾ, ಲಾಳಿ ಹಾರುತ್ತೆ, ಸರ್ಕೋ ಅಂತ ಹೇಳಿದ್ನಂತೆ. ಮಗ್ಗಕ್ಕೆ ಎಣ್ಣೆ ಹಾಕೋನು ನನ್ನ ಹಿಂದಿನಿಂದ ನೋಡಿದಾನೆ. ನಾನು ಅವನ ಮುಖ ಕಂಡ ಕೂಡ್ಲೆ ಕತ್ತು ಆ ಕಡೆ ತಿರುಗಿಸಿದೆ, ಅಭ್ಯಾಸ ನೋಡಿ. ಬಿತ್ತು ಹೆಗಲಿಗೆ."

"ಅಂದ್ರೆ ಅವನನ್ನ ಕ್ಷಮಿಸಬೇಕು ಅಂತೀಯೇನಮ್ಮಾ?" ಎಂದು ಅಧ್ಯಕ್ಷರು ಕೇಳಿದರು.

"ಕ್ಷಮೆ ಗಿಮೆ ನಂಗೆ ಗೊತ್ತಿಲ್ಲ. ಸಾಕಾಗಿದೆ, ಅಷ್ಟೇ. ನಾಲ್ಕು ವರ್ಷ ಕತ್ತು ತಿರುಗಿಸಿ ತಿರುಗಿಸಿ ನೋವು ಬಂದಿರೋದು ನನ್ನ ಕತ್ತಿಗೆ. ತೆಗೆದುಹಾಕಿ ಅದನ್ನ."

ಮೂಲೆ ಮಗ್ಗದವನು ಎದ್ದ. "ಆ ವಾರ ನಮ್ಮ ಮನೇಲಿ ಒಲೆ ಹತ್ತಿರ್ಲಿಲ್ಲ" ಎಂದ.

"ನಮ್ಮ ಮನೇಲೂ ಹತ್ತಿರ್ಲಿಲ್ಲ" ಎಂದಳು ಗುಂಡಕ್ಕ. "ಅವನನ್ನ ಸುಮ್ಮನಿರಿಸಿ ಹತ್ತಿತಾ ಈಗ?"

ಅವನು ಕೂತುಬಿಟ್ಟ. ಎಣ್ಣೆ ಹಾಕುವವನು ಅನುಮೋದಿಸಿದ. ಕೈಗಳು ಎದ್ದವು, ಕೆಲವು ಪೂರ್ತಿ, ಕೆಲವು ಕಿವಿಯ ಮಟ್ಟಕ್ಕೆ. ಎತ್ತದವರು ತಮ್ಮ ಚಪ್ಪಲಿ ನೋಡಿಕೊಂಡರು. ಪಾಸಾಯಿತು. ನಲ್ಲಿಗೆ ಹಿಡಿದ ಹೊತ್ತಿನಲ್ಲಿ ಕಾಲು ಭಾಗವೂ ಇದಕ್ಕೆ ಹಿಡಿಯಲಿಲ್ಲ. ಮೆಟ್ಟಿಲಿಳಿಯುತ್ತಾ ಯಾರೋ, ಕೊಳವೇನೇ ಸೋರೋದು, ನಾನು ಹೇಳ್ತೀನಿ ನೋಡು ಎನ್ನುತ್ತಿದ್ದರು.

ಕಾರ್ಯದರ್ಶಿ ಖಾಲಿ ಕೋಣೆಯಲ್ಲಿ ಕೂತ. ಅಳು ಬರಬಹುದು ಎಂದುಕೊಂಡಿದ್ದ, ಬರಲಿಲ್ಲ. ಸಿಟ್ಟು ಬಂತು. ಇಷ್ಟೇ ಆಗಿದ್ದರೆ ಇದು ಮೊದಲ ವರ್ಷವೇ ಯಾಕಾಗಲಿಲ್ಲ? ಒಬ್ಬಳ ಹೆಗಲಿಗೆ ಪೆಟ್ಟು ಬೀಳುವವರೆಗೆ ತಾನು ಯಾಕೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ? ಕಟ್ಟಳೆ ಬೇಡ ಎಂದಿತ್ತು ನಿಜ. ಆದರೆ ಕಟ್ಟಳೆಯ ಬೆನ್ನಿಗೆ ಅಡಗಿ ಕೂತವನು ತಾನೇ ಅಲ್ಲವೇ? ತಮ್ಮನ ಮೇಲೆ ತನಗೂ ಸಿಟ್ಟಿತ್ತು, ಅದು ಯಾವಾಗ ಕರಗಿಹೋಯಿತೆಂದು ನೋಡಿಕೊಂಡೇ ಇರಲಿಲ್ಲ. ಸಿಟ್ಟು ಇಳಿದ ಮೇಲೆ ನಿದ್ದೆ ಬಂತು. ಬೆಂಚು ಸರಿಸದೆಯೇ ದೀಪ ಆರಿಸಿದ.

ತಮ್ಮನ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದ. ಶೆಡ್ಡಿನಲ್ಲಿ ಶುರುವಾದದ್ದನ್ನು ಶೆಡ್ಡಿನಲ್ಲೇ ಮುಗಿಸಬೇಕು, ಅದೇ ಪದ್ಧತಿ ಎಂದು ತನಗೆ ತಾನೇ ಹೇಳಿಕೊಂಡ. ಪದ್ಧತಿ ಹೌದು, ಧೈರ್ಯ ಸಾಲದೆ ಹೋದದ್ದೂ ಹೌದು. ಮನೆಯಲ್ಲಿ ಅಮ್ಮನಿಗೆ ಹೇಳಿದಾಗ ಅವಳು ಅವನ ಮೀಸೆಯನ್ನೇ ನೋಡಿ, "ಅದರೊಳಗಿಂದ ಹೇಳಿದ್ರೆ ಅವನಿಗೆ ಹೇಗೆ ತಿಳಿಯುತ್ತೆ?" ಎಂದಳು.

ಬೆಳಿಗ್ಗೆ ಕನ್ನಡಿಯ ಮುಂದೆ ಕೂತು ಮೀಸೆ ಪೂರ್ತಿ ತೆಗೆದ. ಮೇಲ್ದುಟಿ ಬಿಸಿಲು ಕಾಣದೆ ಬಿಳಿಚಿಕೊಂಡಿತ್ತು. ಯಾರೋ ನಿಮ್ಮ ಹಾಗೇ ಇದ್ದಾರೆ ಎಂದು ಹೆಂಡತಿ ನಕ್ಕಳು. ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತನ್ನು ತುಟಿಯಲ್ಲಿ ಉರುಹಾಕಿದ. ಈ ಸಂಘವು ನಿನ್ನೆಯ ಸಭೆಯಲ್ಲಿ ಬಹುಮತದಿಂದ, ಇತ್ಯಾದಿ.

ಮಗ್ಗಗಳು ಶುರುವಾಗಿದ್ದವು. ಓಣಿ ದಾಟಿ ತಮ್ಮನ ಮಗ್ಗದ ಮುಂದೆ ನಿಂತ. ಎಷ್ಟೋ ವರ್ಷಗಳ ಮೇಲೆ ಇಷ್ಟು ಹತ್ತಿರದಿಂದ ನೋಡಿದ್ದು. ನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು. ಗುಬ್ಬಿ ಬಟ್ಟೆಯ ಮೇಲೆ ಕಣ್ಣಿಟ್ಟಿದ್ದವನು ಎದುರಿಗೆ ಯಾರದೋ ಕಾಲು ಕಂಡು, ದಾರಿಗೆ ಅಡ್ಡವಾದೆನೇನೋ ಎಂಬಂತೆ ಪಕ್ಕಕ್ಕೆ ಸರಿದ. ತಲೆ ಎತ್ತಲಿಲ್ಲ. ಅಣ್ಣನೂ ಸರಿದು ಮತ್ತೆ ಎದುರಿಗೆ ನಿಂತ. ಗುಬ್ಬಿ ಇನ್ನೂ ಒಂದಿಷ್ಟು ಸರಿದ. ಅಣ್ಣ ಗೊತ್ತುವಳಿಯನ್ನು ಮೊದಲಿಂದ ಕೊನೆಯವರೆಗೆ, ತಪ್ಪಿಲ್ಲದೆ, ಆ ನೆತ್ತಿಗೆ ಓದಿ ಹೇಳಿದ. ಮುಖ ಕೊಡದವರ ನಡುವೆ ಇದ್ದೂ ಇದ್ದೂ ಇವನು ಮುಖ ನೋಡುವುದನ್ನೇ ಬಿಟ್ಟುಬಿಟ್ಟಿದ್ದ. ಈ ಯೋಚನೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಕಾರ್ಯದರ್ಶಿಯ ತಲೆಗೆ ಬಂದಿರಲಿಲ್ಲ.

ಪಕ್ಕದಿಂದ ಗುಂಡಕ್ಕ ಕಟ್ಟಿದ ತೋಳಿನಲ್ಲೇ ಮಗ್ಗ ನೋಡಿಕೊಳ್ಳುತ್ತಾ ಅಣ್ಣನ ತುಟಿಯಿಂದ ಎಲ್ಲ ಓದುತ್ತಿದ್ದಳು. "ನೆತ್ತೀಲಿ ಓದ್ತಾನಾ ಅವನು? ಮಗ್ಗ ನಿಲ್ಸು" ಎಂದಳು.

ಇನ್ನೊಬ್ಬರ ಮಗ್ಗಕ್ಕೆ ಕೈ ಹಾಕುವುದು ನೇಕಾರರಲ್ಲಿ ಸಲ್ಲದ ಕೆಲಸ. ಕಾರ್ಯದರ್ಶಿ ಹಿಡಿ ಎಳೆದ. ಮಗ್ಗ ನಿಂತಿತು.

ಗುಬ್ಬಿ ತಲೆ ಎತ್ತಿದ. ಮೊದಲು ಗಾಬರಿ. ಆಮೇಲೆ ಆ ಬೋಳು ತುಟಿಯನ್ನು ನೋಡಿದ, ಅಣ್ಣನ ಕಣ್ಣನ್ನು ನೋಡಿದ. ಗುಬ್ಬಿಯ ತುಟಿ ಕೂಡಿ ಬಿಡಿಸಿಕೊಂಡಿತು. ಅದು ಯಾರಿಗಾದರೂ ತಿಳಿಯುವ ಮಾತು.

"ಅಮ್ಮ ಹೋದ್ಲಾ?"

ಅಣ್ಣ ಮೀಸೆ ಬೋಳಿಸಿ ತನ್ನೆದುರು ಬಂದು ನಿಲ್ಲಬೇಕಾದರೆ ಒಂದು ಸಾವೇ ಆಗಿರಬೇಕು ಎಂದು ತಮ್ಮ ನಂಬಿದ್ದ. ಉರುಹಾಕಿದ ಸಂಘವೂ ಬಹುಮತವೂ ಎಲ್ಲಿ ಹೋದವೋ. ಕಾರ್ಯದರ್ಶಿ ಇಲ್ಲವೆಂದು ತಲೆಯಾಡಿಸಿದ, ಮತ್ತೆ ಆಡಿಸಿದ.

"ಇಲ್ಲ ಗುಬ್ಬೀ. ಏನೂ ಆಗಿಲ್ಲ. ಅಮ್ಮ ಚೆನ್ನಾಗಿದಾಳೆ."

"ಮತ್ತೆ?"

ಮತ್ತೆ ಏನೆಂದು ಹೇಳುವುದು? ಅವನ ತುಟಿಗೆ ಗೊತ್ತಿದ್ದ ಮಾತು ಒಂದೇ.

"ನೀರು ಕುಡಿದ್ಯಾ?"

ಗುಬ್ಬಿ ಅಣ್ಣನ ತುಟಿಯನ್ನು ತುಂಬ ಹೊತ್ತು ನೋಡಿದ, ಹಳೆಯ ಪಾಠ ಮರೆತವನು ಅಕ್ಷರ ಕೂಡಿಸುವ ಹಾಗೆ. ಕಣ್ಣು ತುಂಬಿತೋ ಹತ್ತಿಯ ಧೂಳು ಬಿತ್ತೋ, ತೋಳಿನಿಂದ ಒರೆಸಿಕೊಂಡ. ಆಮೇಲೆ ಹಿಡಿಯ ಮೇಲಿದ್ದ ಅಣ್ಣನ ಕೈಯನ್ನು ಮೆಲ್ಲಗೆ ಸರಿಸಿದ.

"ಕೈ ತೆಗಿ" ಎಂದ. "ಮಗ್ಗ ನಿಂತ ಕಡೆ ಬಟ್ಟೇಲಿ ಗೆರೆ ಬೀಳುತ್ತೆ."

ಗೆರೆ ಆಗಲೇ ಬಿದ್ದಿತ್ತು. ಇಬ್ಬರೂ ಅದನ್ನು ನೋಡಿದರು. ಗುಬ್ಬಿ ಮಗ್ಗ ಶುರು ಮಾಡಿದ, ಅಣ್ಣ ಓಣಿ ದಾಟಿ ತನ್ನ ಜಾಗಕ್ಕೆ ಹೋಗಿ ನಿಂತ.