ಅಧಿಕ ಮಾಸದ ಅತಿರಸ

ಬರುವ ಅಕ್ಟೋಬರಿನಲ್ಲಿ ಸೀರೆ ಎಷ್ಟು ಮಾರಾಟವಾಗುತ್ತದೆಂದು ನನ್ನ ಹೆಂಡತಿ ವಿಭಾ ಇವತ್ತೇ ಹೇಳಬಲ್ಲಳು. ಮನೆಯ ಗ್ಯಾಸ್ ಮುಗಿಯುವುದು ಮಾತ್ರ ಒಲೆ ಆರಿದ ಮೇಲೆಯೇ ಅವಳಿಗೆ ತಿಳಿಯುವುದು.

ಅವಿನಾಶಿ ಊರಿನ ಪವರ್‌ಲೂಮ್ ಸೀರೆಗಳ ಮಾರಾಟವನ್ನು ಹಳೆಯ ಅಂಕಿಗಳಿಂದ ಮೊದಲೇ ಅಂದಾಜು ಮಾಡುವುದು ಅವಳ ಪಿಎಚ್‌ಡಿ. ಮಂಗಳವಾರ ವೈವಾ. ಪಾಸಾದರೆ ಕೊಯಮತ್ತೂರಿನ ಕಾಲೇಜಿನಲ್ಲಿ ಕೆಲಸ ಖಾಯಂ. ಆದರೆ ಕೆಲವು ವರ್ಷ ಅವಳ ಅಂದಾಜು ಅಕ್ಟೋಬರಿನಲ್ಲಿ ಏರುತ್ತಿತ್ತು, ಮಾರಾಟ ಏರುತ್ತಿದ್ದುದು ನವೆಂಬರಿನಲ್ಲಿ. ಪರೀಕ್ಷಕರು ಅಲ್ಲಿಗೇ ಕೈ ಹಾಕುತ್ತಾರೆಂದು ಗೈಡ್ ಇಳಂಗೋ ಹೆದರಿಸಿಟ್ಟಿದ್ದರು. ವಿಭಾಳಿಗೆ ಊಟ ಸೇರುತ್ತಿರಲಿಲ್ಲ.

ಭಾನುವಾರ ಉಡುಮಲೈಪೇಟೆಯಿಂದ ಅತ್ತೆ ಭಾಮಾ ಬಂದಿಳಿದರು. ಅಧಿಕ ಮಾಸದಲ್ಲಿ ಅಳಿಯನಿಗೆ ಮೂವತ್ತಮೂರು ಅತಿರಸ ದಾನ ಕೊಡುವುದು ನಮ್ಮಲ್ಲಿ ಪದ್ಧತಿ. ನನಗೆ ಬಹಳ ಪ್ರಿಯವಾದ ಪದ್ಧತಿ.

"ವೈವಾ ಹೊತ್ತಲ್ಲಿ ಇದೆಲ್ಲ ಯಾಕಮ್ಮಾ? ದೀಪಾವಳಿಗೆ ಕೊಟ್ರೆ ಆಗ್ತಿರ್ಲಿಲ್ವಾ?" ಎಂದು ವಿಭಾ ಸಿಡುಕಿದಳು.

"ಅಧಿಕ ಮಾಸ ಹೋದ್ರೆ ಮೂರು ವರ್ಷ ಕಾಯ್ಬೇಕು ಕಣೆ. ಒಂದು ತಿಂಗಳು ಜಾಸ್ತಿ ಬಂತಲ್ಲ, ದೀಪಾವಳಿನೂ ನವೆಂಬರ್‌ಗೆ ಹೋಯ್ತು. ಮಾಪ್ಳೆ, ನೀವು ತಗೊಳ್ಳಿ."

ಮಾಪ್ಳೆ, ಅಂದರೆ ಅಳಿಯನಾದ ನಾನು, ಕೈಚಾಚಿದೆ. ವಿಭಾ ಲ್ಯಾಪ್‌ಟಾಪಿಗೆ ಓಡಿದಳು.

ಹಬ್ಬಗಳನ್ನು ಸಾಫ್ಟ್‌ವೇರ್ ತಾನೇ ನೋಡಿಕೊಳ್ಳುತ್ತದೆಂದು ಅವಳು ನಂಬಿದ್ದಳು. ನೋಡಿಕೊಳ್ಳುತ್ತಿತ್ತು, ಈಸ್ಟರನ್ನು! ದೀಪಾವಳಿಯ ಹೆಸರೇ ಅದಕ್ಕೆ ಗೊತ್ತಿರಲಿಲ್ಲ. ವಿಭಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಒಂದೊಂದು ವರ್ಷದ ದೀಪಾವಳಿ ತಾರೀಖನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಅಂದಾಜೂ ಮಾರಾಟವೂ ಜೊತೆಜೊತೆಗೆ ಏರಿದವು. ಆ ಸಂಜೆ ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು.

ಮಂಗಳವಾರ ಪರೀಕ್ಷಕರು ಕೇಳಿದ್ದೂ ಅದನ್ನೇ. ವಿಭಾ ಪ್ರಬಂಧದಲ್ಲಿದ್ದ ತಪ್ಪನ್ನು ಒಪ್ಪಿಕೊಂಡು, ಹೊಸ ಲೆಕ್ಕ ತೋರಿಸಿದಳು. ಇದು ಹೊಳೆದದ್ದು ಹೇಗೆ ಎಂದರು. "ಅಮ್ಮ ನಮ್ಮೆಜಮಾನರಿಗೆ ಅತಿರಸ ತಂದಿದ್ದರು" ಎಂದಳು. ಸಭೆಯೆಲ್ಲ ಹಿಂದಿನ ಬೆಂಚಿನಲ್ಲಿದ್ದ ನನ್ನತ್ತ ತಿರುಗಿ ನಕ್ಕಿತು. ತಿದ್ದುಪಡಿ ಸೇರಿಸಬೇಕೆಂದು ಹೇಳಿ ಪರೀಕ್ಷಕರು ಅವಳ ಕೈಕುಲುಕಿದರು.

ಕಾಲೇಜಿನ ಅಂಗಳದಿಂದಲೇ, ಊರಿಗೆ ಮರಳಿದ್ದ ಅತ್ತೆಗೆ ಫೋನ್ ಮಾಡಿ ಮಗಳು ಡಾಕ್ಟರಾದಳೆಂದೆ.

"ಮಾಪ್ಳೆ, ಅಧಿಕ ಮಾಸ ಇನ್ನೂ ಮುಗ್ದಿಲ್ಲ" ಎಂದರು ಅತ್ತೆ. "ನಾಳೆ ಇನ್ನೊಂದು ಸಲ ಮೂವತ್ತಮೂರು ಮಾಡ್ಕೊಂಡು ಬರ್ತೀನಿ. ಈ ಸಲ ಅವ್ಳಿಗೆ."