ಎಡಗೈ ಅಳತೆ

ಓಂಕಾರಪ್ಪನವರ ತಲೆ ಶವದ ಗಾಡಿಯ ಬಾಗಿಲಿಗೆ ಎರಡನೇ ಸಲವೂ ತಾಗಿದಾಗ ನಂದೀಶ್ "ನಿಲ್ಲಿಸಿ, ನಿಲ್ಲಿಸಿ" ಎಂದು ಕೂಗಿದ. ಕುರ್ಚಿ ಹಿಡಿದಿದ್ದ ನಾಲ್ವರೂ ಹಿಂದೆ ಸರಿದು ಅದನ್ನು ಮೆಲ್ಲಗೆ ನೆಲಕ್ಕಿಳಿಸಿದರು. ಹಣೆಯ ವಿಭೂತಿ ಒಂದು ಕಡೆ ಅಳಿಸಿತ್ತು. ಮಗಳು ಪ್ರಾರ್ಥನಾ ದುಪಟ್ಟಾದ ತುದಿಯಿಂದ ಅದನ್ನು ಸರಿಮಾಡಲು ಹೋಗಿ, ಇನ್ನಷ್ಟು ಅಳಿಸಿ, ಕೈ ಹಿಂದಕ್ಕೆಳೆದುಕೊಂಡಳು.

ನಿನ್ನೆ ಮಧ್ಯಾಹ್ನ ಪಕ್ಕದ ಮನೆಯ ಗಂಗಾಭವಾನಿ ಮಜ್ಜಿಗೆ ಕೊಡಲು ಬಂದಾಗಲೂ ಅವರು ವರಾಂಡದಲ್ಲಿ ಹೀಗೇ ಕೂತಿದ್ದರಂತೆ, ಜೀವ ಮಾತ್ರ ಇರಲಿಲ್ಲ. ಆಕೆ ನಂದೀಶನನ್ನು ಕರೆದಳು. ಈ ತೆಲುಗು ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಓಂಕಾರಪ್ಪನವರ ಕೈಕೆಳಗೆ ಕೆಲಸ ಕಲಿತ ಹಾಸನದ ಹುಡುಗ ಅವನು, ಈಗ ಅವನಿಗೇ ನಲವತ್ತು. ಅವನು ವಿಜಯವಾಡಕ್ಕೆ ಫೋನ್ ಮಾಡಿದಾಗ ಪ್ರಾರ್ಥನಾ, "ಮಲಗಿಸಬೇಡಿ, ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡೋದು" ಎಂದಿದ್ದಳು. ಲಿಂಗಾಯತರ ಪದ್ಧತಿಗಳಲ್ಲಿ ಅವಳಿಗೆ ನೆನಪಿದ್ದದ್ದು ಅದೊಂದೇ. ಅಷ್ಟು ನೆನಪಿಟ್ಟವಳು, ಗಾಡಿಗೆ ಹೇಳುವಾಗ ಮಾತ್ರ ಎಲ್ಲರೂ ಹೇಳುವ ಗಾಡಿಯನ್ನೇ ಹೇಳಿದ್ದಳು. ಅದರೊಳಗಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದವರಿಗಷ್ಟೇ ಜಾಗ.

"ಪಡುಕೋಬೆಟ್ಟೇಯಂಡಿ ಮೇಡಂ, ಐದು ಕಿಲೋಮೀಟರ್ಲೇ ಕದಾ," ಎಂದ ಚಾಲಕ. ಐದೇ ಕಿಲೋಮೀಟರು, ಮಲಗಿಸಿಬಿಡಿ ಎಂಬುದು ಅವನ ಸಲಹೆ. ಕ್ರಿಯೆ ಮಾಡಿಸಲು ಬಂದಿದ್ದ ಜಂಗಮಯ್ಯ ಅಡ್ಡಡ್ಡ ತಲೆಯಾಡಿಸಿದರು.

ಹೆಗಲ ಮೇಲೆ ಒಯ್ಯೋಣವೆಂದರೆ ಜನವೆಲ್ಲಿ? ಅಮ್ಮ ಹೋದಾಗ ಕಾರ್ಖಾನೆಯ ಕನ್ನಡದವರು ಸರದಿಯಲ್ಲಿ ಹೆಗಲು ಕೊಟ್ಟಿದ್ದರು. ಈ ಏಳು ವರ್ಷದಲ್ಲಿ ಕೆಲವರು ನಿವೃತ್ತರಾಗಿ ಊರು ಸೇರಿದ್ದರು, ಕೆಲವರು ಅಮ್ಮ ಹೋದಲ್ಲಿಗೇ ಹೋಗಿದ್ದರು. ಇವತ್ತು ಬಂದದ್ದು ಇಬ್ಬರು. ಇಬ್ಬರಿಗೂ ಮಂಡಿನೋವು.

"ಜೀಪ್ ಉಂದಿ ಕದಮ್ಮಾ," ಎಂದಳು ಗಂಗಾಭವಾನಿ, ಜೀಪಿದೆಯಲ್ಲ ಎಂದು ಮನೆಯ ಪಕ್ಕದ ತಗಡಿನ ಶೆಡ್ಡಿನ ಕಡೆ ಕೈ ತೋರಿಸಿ.

ಮೇಲ್ಛಾವಣಿ ಇಲ್ಲದ ಹಳೆಯ ಜೀಪು. ಸೊಂಟದೆತ್ತರದ ಟೈರುಗಳು. ಪ್ರಾರ್ಥನಾ ಅದನ್ನು ಬೆಳಗಿನಿಂದ ನೋಡಿಯೂ ನೋಡದಂತೆ ಓಡಾಡಿದ್ದಳು.

"ಅದೊಂದು ಬೇಡ," ಎಂದಳು.

*

ಹನ್ನೆರಡು ವರ್ಷದ ಹಿಂದೆ, ಅನಂತಗಿರಿಯ ಆಚೆಯ ಒಂದು ಒಣ ಹಳ್ಳದಲ್ಲಿ ಅಪ್ಪ ಅದರ ಸ್ಟೀರಿಂಗನ್ನು ಅವಳ ಕೈಗೆ ಕೊಟ್ಟಿದ್ದರು. ವಾರವಿಡೀ ಕಾರ್ಖಾನೆಯ ಆಯಿಲ್ ಪಂಪುಗಳ ಜೊತೆ ಬಾಳುವ ಮನುಷ್ಯನಿಗೆ ಭಾನುವಾರ ಬಂತೆಂದರೆ ದಾರಿಯಿಲ್ಲದ ಕಡೆ ಜೀಪು ಹತ್ತಿಸುವುದೇ ದೇವರ ಪೂಜೆ. ದಪ್ಪ ಟೈರು ಹಾಕಿಸಿದ ಮೇಲೆ ಸ್ಟೀರಿಂಗ್ ತಿರುಗಿಸುವುದೆಂದರೆ ರುಬ್ಬುಗುಂಡು ತಿರುಗಿಸಿದಂತಾಗಿತ್ತು.

"ಹೆಬ್ಬೆರಳು ಒಳಗೆ ಹಾಕಬ್ಯಾಡ, ಸ್ಟೀರಿಂಗ್ ಬಳೆ ಮೇಲೆ ಇಟ್ಕೋ," ಎಂದು ಅಪ್ಪ ಹೇಳಿದ್ದರು. ಭಯದಲ್ಲಿ ಅವಳು ಬಿಗಿಯಾಗಿ ಸುತ್ತಿ ಹಿಡಿದಿದ್ದಳು. ಮುಂದಿನ ಚಕ್ರ ಬಂಡೆಗೆ ಬಡಿಯಿತು. ಸ್ಟೀರಿಂಗ್ ಬುಗುರಿಯಂತೆ ತಿರುಗಿ ಅವಳ ಎಡಗೈ ಹೆಬ್ಬೆರಳನ್ನೂ ಮಣಿಕಟ್ಟನ್ನೂ ಮುರಿಯಿತು.

ಅವಳು ಕಿರುಚಿದಾಗ ಅಪ್ಪನ ಬಾಯಲ್ಲಿ ಬಂದದ್ದು ಒಂದೇ ಮಾತು: "ಎಷ್ಟ್ ಸಲ ಹೇಳಿದ್ದೆ ನಿಂಗೆ?"

ಮಣಿಕಟ್ಟಿಗೆ ಪ್ಲೇಟು ಹಾಕಿದರು. ಅಪ್ಪ ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು, ಒಳಗೆ ಬರಲಿಲ್ಲ. ತಪ್ಪು ನನ್ನದು ಎಂಬ ಒಂದು ಮಾತು ಅಪ್ಪನ ಬಾಯಿಂದ ಬರಲೆಂದು ಅವಳು ಕಾದಳು. ಬ್ಯಾಂಕಿನ ಕೆಲಸ ಸಿಕ್ಕಿ ವಿಜಯವಾಡಕ್ಕೆ ಹೋದ ಮೇಲೂ ಕಾದಳು. ಅಮ್ಮ ತೀರಿಕೊಂಡ ಮೇಲೆ ಕಾಯುವುದನ್ನೂ ಬಿಟ್ಟಳು. ತಿಂಗಳಿಗೊಮ್ಮೆ ಫೋನ್ ಬರುತ್ತಿತ್ತು. ಊಟ ಆಯ್ತಾ, ಆಯ್ತು, ಸರಿ. ಅಪ್ಪ ಮಗಳ ಮಾತು ಅಷ್ಟಕ್ಕೆ ಮುಗಿಯುತ್ತಿತ್ತು.

*

ಬೇರೆ ದಾರಿ ಇರಲಿಲ್ಲ. ಶವದ ಗಾಡಿಯ ಚಾಲಕನೇ ಜೀಪು ಓಡಿಸಲು ಒಪ್ಪಿ ಹತ್ತಿ ಕೂತ. ಸ್ಟೀರಿಂಗಿಗೆ ಏನೋ ನೇತುಹಾಕಿತ್ತು, ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು ಶುರು ಮಾಡಿದ. ತೋಳುಗಳು ಒನಕೆಯಷ್ಟಿದ್ದವು, ಹಳೆಯ ಜೀಪೆಂದು ಜೋರಾಗಿಯೇ ತಿರುಗಿಸಿದ. ಜೀಪು ಸರ್ರನೆ ಎಡಕ್ಕೆ ಹೊರಳಿ ಗೇಟಿನ ಕಂಬ ಸವರಿತು. ಗಾಬರಿಯಲ್ಲಿ ಬಲಕ್ಕೆ ಎಳೆದ, ಗಂಗಾಭವಾನಿಯ ತುಳಸಿಕಟ್ಟೆಯ ಹತ್ತಿರ ಹೋಗಿ ನಿಂತಿತು.

"ಇದೇಂಟಂಡಿ, ಬೊಮ್ಮ ಕಾರು!" ಎಂದು ಇಳಿದವನು ಮತ್ತೆ ಹತ್ತಲಿಲ್ಲ. ಇದು ಆಟಿಕೆ ಕಾರು, ಇಷ್ಟು ಹಗುರದ ಸ್ಟೀರಿಂಗ್ ತನ್ನ ಕೈಗಲ್ಲ, ಮೇಲೆ ಶವ ಬೇರೆ ಎಂದ.

ಪ್ರಾರ್ಥನಾ ಅವನು ಬಿಚ್ಚಿಟ್ಟದ್ದನ್ನು ನೋಡುತ್ತಿದ್ದಳು. ಮೀನು ಮಾರುವವರು ಹಿಡಿಯುವ ಸ್ಪ್ರಿಂಗ್ ತಕ್ಕಡಿ. ಮೂರೂವರೆ ಕಿಲೋದ ಗೆರೆಯ ಮೇಲೆ ಕೆಂಪು ಬಣ್ಣದ ಚುಕ್ಕೆ.

*

ಹೋದ ವರ್ಷ ಒಂದು ಮಧ್ಯಾಹ್ನ ಅಪ್ಪ ವಿಜಯವಾಡದ ಗವರ್ನರ್‌ಪೇಟೆಯ ಅವಳ ಬ್ಯಾಂಕಿಗೆ ಬಂದಿದ್ದರು. ಕೊಂಡಪಲ್ಲಿಯ ವರ್ಕ್‌ಶಾಪಿನಲ್ಲಿ ಅದೇನೋ ಸಿಲಿಂಡರ್ ಮಾಡಿಸಿ, ಗೋಣಿತಟ್ಟಿನಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮಗಳ ಬ್ಯಾಂಕೆಂದು ನೇರವಾಗಿ ಒಳಗೆ ಬಂದವರಲ್ಲ, ಟೋಕನ್ ತೆಗೆದುಕೊಂಡು ಕೂತಿದ್ದರು. ಸರದಿ ಬಂದಾಗ ಕೌಂಟರಿನ ಮುಂದೆ ನಿಂತು ಜೇಬಿನಿಂದ ಈ ತಕ್ಕಡಿ ತೆಗೆದರು.

"ಎಡಗೈಲಿ ಇದ್ನ ಎಳಿ ನೋಡಾನ."

"ಅಪ್ಪಾ, ಅಂದರೂ ಚೂಸ್ತುನ್ನಾರು." ಎಲ್ಲರೂ ನೋಡುತ್ತಿದ್ದಾರೆ ಎಂದಳು. ಸಿಟ್ಟು ಬಂದರೆ ಅವಳಿಗೆ ಬರುತ್ತಿದ್ದದ್ದು ತೆಲುಗೇ.

"ಒಂದ್ ಸಲ ಎಳಿಯವ್ವ. ನೋವಾಗಾಕೆ ಮುಂಚೆ ನಿಲ್ಸು."

ಅವಳು ಎಳೆದಳು. ಮುಳ್ಳು ಮೂರೂವರೆಯ ಹತ್ತಿರ ನಿಂತಿತು. ಅಪ್ಪ ಟೋಕನ್ ಚೀಟಿಯ ಹಿಂದೆ ಬರೆದುಕೊಂಡರು. "ಐದು ಗಂಟೆಗೆ ಮುಗಿಯುತ್ತೆ, ಕೂತಿರು," ಎಂದಳು. ಐದಕ್ಕೆ ತಲೆಯೆತ್ತಿ ನೋಡಿದರೆ ಕುರ್ಚಿ ಖಾಲಿ. ಒಂಟಿಯಾಗಿದ್ದು ಅರಳುಮರಳು ಶುರುವಾಗಿರಬೇಕು ಎಂದುಕೊಂಡು ಅವಳು ಮನೆಗೆ ಹೋಗಿದ್ದಳು.

*

"ಇದು ಏನು ನಂದೀಶ್?"

"ಸ್ಟೀರಿಂಗ್ ಎಷ್ಟು ಭಾರ ಇದೆ ಅಂತ ಇದರಲ್ಲೇ ಎಳೆದು ನೋಡ್ತಿದ್ರು ಮೇಡಂ. ಸ್ಟೀರಿಂಗ್ ಬಾಕ್ಸಿಗೆ ಎರಡು ತೂತು ಕೊರೆಸಿ, ಅಲ್ಲಿಂದ ಹೋಸ್ ಪೈಪಲ್ಲಿ ಆಯಿಲ್ ತಂದು ಸಿಲಿಂಡರಿಗೆ ಕೊಟ್ಟಿದಾರೆ. ಚಕ್ರ ತಳ್ಳೋದು ಸಿಲಿಂಡರು. ಕೈ ಬರೀ ದಾರಿ ತೋರಿಸಿದ್ರೆ ಸಾಕು." ನಂದೀಶನಿಗೆ ಅಂಥ ಹೊತ್ತಿನಲ್ಲೂ ಸಣ್ಣ ನಗು ಬಂತು. "ಮೊದಲನೇ ಸಲ ಹೋಸ್ ಅದಲುಬದಲು ಮಾಡಿಬಿಟ್ಟಿದ್ರು. ನಾವು ಬಲಕ್ಕೆ ತಿರುಗಿಸಿದ್ರೆ ಅದು ಎಡಕ್ಕೆ ತಳ್ತಿತ್ತು. ಮೂವತ್ತು ವರ್ಷ ಇದೇ ಕೆಲಸ ಮಾಡಿದೋರು! ತಾವೇ ನಕ್ಕೊಂಡು ಕೂತ್ರು."

ಪ್ರಾರ್ಥನಾ ತಕ್ಕಡಿಯ ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟಳು.

"ಆರು ಕಿಲೋಗೆ ಬಂದಾಗ್ಲೇ ಸಾಕು ಸಾರ್ ಅಂದೆ. ಮೂರೂವರೆಗೆ ಬರೋ ತನಕ ಬಿಡಲಿಲ್ಲ. ಇಷ್ಟು ಹಗುರ ಆದ್ರೆ ಯಾರಿಗೂ ಓಡಿಸೋಕಾಗಲ್ಲ ಸಾರ್ ಅಂದ್ರೆ, 'ಯಾರಿಗೂ ಬ್ಯಾಡ' ಅಂದ್ರು." ಅವನು ಅವಳ ಎಡಗೈ ನೋಡಿ ಮುಖ ತಿರುಗಿಸಿದ. "ಹೋದ ಭಾನುವಾರ ಕೆಲಸ ಮುಗೀತು. ನಿಮಗೆ ಫೋನ್ ಮಾಡ್ತೀನಿ ಅಂತಿದ್ರು."

ಫೋನ್ ಬಂದಿತ್ತು. ತಿಂಗಳಿಗೊಮ್ಮೆ ಬರುವುದು ಹತ್ತೇ ದಿನಕ್ಕೆ ಬಂದಿತ್ತು. ಊಟ ಆಯ್ತಾ ಎಂದರು. ಆಯ್ತು ಎಂದಳು. ಸರಿ ಎನ್ನುವ ಮುಂಚೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಏನಪ್ಪಾ ಎಂದು ಅವಳು ಕೇಳಬಹುದಿತ್ತು. ಕೇಳಿರಲಿಲ್ಲ.

"ಪಕ್ಕದ ಸೀಟು ಕಳಚಿ," ಎಂದಳು. "ಅಲ್ಲೇ ಕುರ್ಚಿ ಇಡಿ. ನಾನು ಓಡಿಸ್ತೀನಿ."

ನಂದೀಶ್ ಸ್ಪ್ಯಾನರ್ ತಂದು ಸೀಟಿನ ನಾಲ್ಕು ಬೋಲ್ಟ್ ಬಿಚ್ಚಿದ. ಕುರ್ಚಿಯನ್ನು ಹಗ್ಗದಿಂದ ಬಿಗಿದು, ಅಪ್ಪನನ್ನು ಪಂಚೆಯಿಂದ ಕುರ್ಚಿಗೆ ಕಟ್ಟಿದರು. ಜಂಗಮಯ್ಯ ವಿಭೂತಿ ಸರಿಮಾಡಿ, ನಂದೀಶನ ಜೊತೆ ಹಿಂದೆ ಹತ್ತಿ ಭುಜ ಹಿಡಿದು ಕೂತರು. ಉಳಿದವರಿಗೆ ಒಂದು ಆಟೋ ಸಾಕಾಯಿತು.

ಜಂಗಮರ ರುದ್ರಭೂಮಿ ಇದ್ದದ್ದು ಸಿಂಹಾಚಲಂ ಬೆಟ್ಟದ ಹಿಂಬದಿಯಲ್ಲಿ. ಡಾಂಬರಿನ ಮೇಲೆ ಪ್ರಾರ್ಥನಾ ಎರಡನೇ ಗೇರಿನಲ್ಲೇ ಓಡಿಸಿದಳು. ಎಡಗೈ ಎಷ್ಟು ಕೇಳಿದರೆ ಅಷ್ಟೇ ತಿರುಗುತ್ತಿತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಬೆಟ್ಟದ ಬುಡದಲ್ಲಿ ಡಾಂಬರು ಮುಗಿದು ಕಲ್ಲುದಾರಿ ಶುರುವಾಯಿತು. ಅವಳು ಎರಡೂ ಹೆಬ್ಬೆರಳನ್ನು ಹೊರಗೆ ತೆಗೆದು ಬಳೆಯ ಮೇಲೆ ಚಾಚಿಟ್ಟಳು.

ತಿರುವಿನಲ್ಲಿ ಒಂದು ಬಂಡೆ ಎದುರಾಯಿತು. ತಪ್ಪಿಸಲು ಜಾಗವಿರಲಿಲ್ಲ.

ಚಕ್ರ ಬಡಿಯಿತು. ಅವಳ ಮಣಿಕಟ್ಟು ಹಳೆಯ ಏಟಿಗೆ ಕಾದು ನಿಂತಿತು. ಜೀಪು ಎಗರಿತು, ಕುರ್ಚಿ ಕಿರುಗುಟ್ಟಿತು, ಅಪ್ಪನ ಭುಜ ಬಂದು ಅವಳ ಭುಜಕ್ಕೆ ತಾಗಿತು. ಸ್ಟೀರಿಂಗ್ ಅಲುಗಲಿಲ್ಲ. ಬಂಡೆಯ ಏಟನ್ನು ಕೆಳಗೆಲ್ಲೋ ಸಿಲಿಂಡರ್ ನುಂಗಿಕೊಂಡಿತ್ತು.

"ಅಪ್ಪಾ," ಎಂದಳು. ಹಿಂದೆ ಕೂತವರಿಗೆ ಅವಳ ಅಳು ಕೇಳಿತು. ಅವಳು ಜೀಪು ನಿಲ್ಲಿಸಲಿಲ್ಲ.

ಮುಂದೆ ಇನ್ನೂ ಕಲ್ಲುಗಳಿದ್ದವು. ಪ್ರಾರ್ಥನಾ ಎಡಗೈ ಹೆಬ್ಬೆರಳನ್ನು ಒಳಗೆ ತಂದು, ಬಳೆಯನ್ನು ಸುತ್ತಿ ಹಿಡಿದುಕೊಂಡಳು.