ಮೊದಲು ಗುಂಡಿ, ಆಮೇಲೆ ನಗು

ಹತ್ತೊಂಬತ್ತು ತಲೆ ಮುಗಿದಿತ್ತು, ಉಳಿದದ್ದು ಒಂದೇ. ವಿದ್ಯಾರ್ಥಿಗಳು ಗೇರ್, ರಾಟೆಗಳ ಸಮಸ್ಯೆ ಬಿಡಿಸುವಾಗ ಅವರ ಮಿದುಳು ಏನು ಮಾಡುತ್ತಿರುತ್ತದೆ ಎಂದು ನೋಡುವ ಕೆಲಸ ಸಂಶೋಧಕಿಯದು. ಮಿದುಳಿನ ಗೆರೆ ಬರೆಯುವ ಯಂತ್ರ ಎರವಲಿನದು, ಸಂಜೆ ಐದಕ್ಕೆ ಹಿಂದಕ್ಕೆ ಹೋಗಬೇಕು. ಅಷ್ಟರೊಳಗೆ ಇಪ್ಪತ್ತನೆಯದು ಆಗದಿದ್ದರೆ ಎರಡು ವರ್ಷದ ದುಡಿಮೆ ನೀರುಪಾಲು.

ಆ ಇಪ್ಪತ್ತನೆಯ ತಲೆ ಮೋಟಾರು ರಿಪೇರಿ ಕಲಿಯುವ ಹುಡುಗಿಯದು. ತರಗತಿಯವರೆಲ್ಲ ಅವಳನ್ನು ಕಿಲಕಿಲಿ ಎನ್ನುತ್ತಿದ್ದರು. ಸಹಾಯಕಿ ದೊಡ್ಡಮ್ಮ ಅವಳ ಕೂದಲು ಬಿಡಿಸಿ, ಯಂತ್ರದ ತಂತಿಗಳಿದ್ದ ಟೋಪಿಯ ಒಂದೊಂದು ತೂತಿಗೂ ತಣ್ಣನೆಯ ಜೆಲ್ ತುಂಬಿದರು. ಟೋಪಿ ತೊಡಿಸುವುದು, ಆಮೇಲೆ ತಲೆ ತೊಳೆದು ಕಳಿಸುವುದು, ಎರಡೂ ಅವರದೇ ಕೆಲಸ. ಹಾಗಾಗಿ ಅವರು ಇಡೀ ಪ್ರಯೋಗಾಲಯಕ್ಕೆ ದೊಡ್ಡಮ್ಮ.

ಪರದೆಯ ಮೇಲೆ ಗೇರ್ ಚಕ್ರಗಳು ಬಂದವು. ಮೊದಲನೆಯದನ್ನು ಬಲಕ್ಕೆ ತಿರುಗಿಸಿದರೆ ಕೊನೆಯದು ಎತ್ತ ತಿರುಗುತ್ತದೆ? ಹೊಳೆದ ತಕ್ಷಣ ಗುಂಡಿ ಒತ್ತಿ ಉತ್ತರ ಹೇಳಬೇಕು. ಗುಂಡಿಗೆ ಮುಂಚಿನ ಎರಡು ಸೆಕೆಂಡೇ ಸಂಶೋಧಕಿಗೆ ಬೇಕಾದ ಬಂಗಾರ.

ಕಿಲಕಿಲಿಯ ಉತ್ತರ ಒಂದೂ ತಪ್ಪಲಿಲ್ಲ. ಆದರೆ ಹೊಳೆದಾಗಲೆಲ್ಲ ನಕ್ಕುಬಿಡುತ್ತಿದ್ದಳು. ಕೆನ್ನೆ ಕುಣಿದರೆ ಗೆರೆಗಳೂ ಕುಣಿದು ಕೋಳಿ ಕೆದರಿದ ಹಾಗಾಗುತ್ತಿತ್ತು. ನಗಬೇಡ ಅಂದರೆ ಇನ್ನಷ್ಟು ನಗು. ಹಲ್ಲು ಕಚ್ಚಿದರೆ ಗೆರೆ ಮತ್ತೂ ಕೆಟ್ಟಿತು. ಗಂಟೆ ನಾಲ್ಕಾಯಿತು. "ಬೇಕಂತ ಅಲ್ಲ ಅಕ್ಕಾ," ಎಂದು ಹುಡುಗಿ ಮುಖ ಸಣ್ಣ ಮಾಡಿಕೊಂಡಳು. ಬೇರೆ ಯಾರಾದರೂ ಸಿಕ್ಕಾರೇನೋ ಎಂದು ಸಂಶೋಧಕಿ ಫೋನು ಕೈಗೆತ್ತಿಕೊಂಡಳು.

ಟವೆಲನ್ನು ಹೆಗಲಿಗೆ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ ದೊಡ್ಡಮ್ಮ ಮೆಲ್ಲಗೆ ಬಾಯಿ ಬಿಟ್ಟರು.

"ಗೆರೆ ನನಗೆ ತಿಳಿಯಲ್ಲವ್ವ, ಮುಖ ತಿಳಿಯತ್ತೆ. ಇವಳು ಮೊದಲು ಒಂದು ಗಳಿಗೆ ಉಸಿರು ಹಿಡೀತಾಳೆ. ಆಮೇಲೆ ನಗ್ತಾಳೆ. ನಕ್ಕು ಮುಗಿಸಿ ಗುಂಡಿ ಒತ್ತುತಾಳೆ. ನೀನು ಹುಡುಕ್ತಿರೋದು ಉಸಿರು ಹಿಡಿದ ಕಡೆ ಇದೆ, ಹಿಡ್ಕೊಂಡು ಕೂತಿರೋದು ನಗೂನ."

ಸಂಶೋಧಕಿ ಫೋನು ಕೆಳಗಿಟ್ಟಳು. ನಗಬೇಡ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಳು. ಮೊದಲು ಗುಂಡಿ ಒತ್ತು, ಆಮೇಲೆ ಹೊಟ್ಟೆ ತುಂಬ ನಗು ಎಂದಳು. ಸಮಸ್ಯೆಗಳ ಇನ್ನೊಂದು ಕಂತೆಯಿತ್ತು, ಮೊದಲಿಂದ ಶುರುವಾಯಿತು.

ಗುಂಡಿ, ನಗು. ಗುಂಡಿ, ನಗು. ಗುಂಡಿಗೆ ಮುಂಚಿನ ಗೆರೆಗಳು ಬಾಚಿದ ಕೂದಲಿನಂತೆ ಒಪ್ಪವಾಗಿ ಹರಿದವು. ಕೊನೆಯ ಸಮಸ್ಯೆಯಲ್ಲಿ ಮೂರು ಚಕ್ರಗಳು ಒಂದಕ್ಕೊಂದು ಹಲ್ಲು ಕೊಟ್ಟು ಸುತ್ತುಗಟ್ಟಿ ಕೂತಿದ್ದವು. ಹುಡುಗಿ ಉಸಿರು ಹಿಡಿದಳು, ದೊಡ್ಡಮ್ಮನೂ ಹಿಡಿದರು. ಗುಂಡಿ ಟಕ್ಕೆಂದಿತು.

"ಯಾವುದೂ ತಿರುಗಲ್ಲ ಅಕ್ಕಾ. ಮೂರೂ ಜಗಳ ಆಡ್ಕೊಂಡು ನಿಂತಿವೆ."

ಈ ಸಲ ಮೂವರೂ ನಕ್ಕರು. ಐದಕ್ಕೆ ಹತ್ತು ನಿಮಿಷ ಇರುವಾಗ ಪಟ್ಟಿಯಲ್ಲಿ ಇಪ್ಪತ್ತು ತುಂಬಿತು.

ಸಿಂಕಿಗೆ ತಲೆ ಬಗ್ಗಿಸಿಕೊಂಡೇ ಹುಡುಗಿ, ನನ್ನ ಬುದ್ಧಿ ಎಷ್ಟಿದೆ ಅಂತ ಕಂಡಿತಾ ಎಂದು ಕೇಳಿದಳು. ಅದು ಇದರಲ್ಲಿ ಕಾಣೋದಿಲ್ಲ, ಯೋಚನೆ ಮಾಡಿದ್ದು ಮಾತ್ರ ಕಾಣುತ್ತೆ ಎಂದಳು ಸಂಶೋಧಕಿ.

"ಅಷ್ಟೇ ಬರೆದುಕೊಡಿ ಅಕ್ಕಾ, ಸಾಕು. ನಮ್ಮ ಮೇಷ್ಟ್ರು ನಂಬೋದೇ ಇಲ್ಲ."

ನಗುತ್ತ ತಲೆ ಅಲ್ಲಾಡಿಸಬೇಡ, ನೊರೆ ಕಿವಿಗೆ ಹೋಗತ್ತೆ ಎಂದು ದೊಡ್ಡಮ್ಮ ಗದರಿದರು.